ದುಬೈ ನಂಬರಿನ ಪಜೇರೊ ಕಟಪಾಡಿಗೆ ತಂದ ಕಥೆ: ನನ್ನ ಅನುಭವ

ಗಲ್ಫಲ್ಲಿರುವ ನಮ್ಮ ಕಡೆಯವರೆಲ್ಲ ಒಮ್ಮೆಯಾದ್ರೂ ಕೇಳುವ ಪ್ರಶ್ನೆ ಇದು, ಇಲ್ಲಿ ಓಡಿಸ್ತಾ ಇರುವ ಗಾಡಿಯನ್ನು ಊರಿಗೆ ತಗೊಂಡು ಹೋಗ್ಲಿಕ್ಕೆ ಆಗ್ತದಾ ಅಂತ. ಉತ್ತರ ಮೊದಲೇ ಹೇಳಿಬಿಡ್ತೇನೆ. ನಮ್ಮ ಉಡುಪಿಯ ಕೆಎ 20 ನಂಬರ್ ಹಾಕಿಸಿ ಖಾಯಂ ಇಟ್ಕೊಳ್ಲಿಕ್ಕೆ ಆಗುವುದಿಲ್ಲ. ಆರು ತಿಂಗಳ ಮಟ್ಟಿಗೆ ನೆಂಟರನ್ನು ಕರ್ಕೊಂಡು ಬಂದ ಹಾಗೆ ತಂದು, ಸುತ್ತಾಡಿಸಿ, ವಾಪಸ್ ಕಳಿಸ್ಲಿಕ್ಕೆ ಆಗ್ತದೆ. ನಾನು ಮಾಡಿದ್ದು ಇದೇ. 2024ರ ನವೆಂಬರಲ್ಲಿ ನನ್ನ ಮಿತ್ಸುಬಿಷಿ ಪಜೇರೊವನ್ನು ಉಡುಪಿ ಹತ್ರದ ಕಟಪಾಡಿಗೆ ತಂದು ಮಳೆಗಾಲ ಶುರುವಾಗುವ ಮೊದಲು ವಾಪಸ್ ಹಡಗು ಹತ್ತಿಸಿದೆ. ಅಲ್ಲಿಂದ ಈಚೆಗೆ ಯಾರು ಯಾರೋ ಫೋನ್ ಮಾಡಿ ಕೇಳ್ತಾರೆ, ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಸಲ ಬರೀತಾ ಇದ್ದೇನೆ.

ಖಾಯಂ ತರುವುದು ಯಾಕೆ ಆಗುವುದಿಲ್ಲ ಅಂತ ಮೊದ್ಲು ನೋಡುವ, ಯಾಕಂದ್ರೆ ನಾನೂ ಶುರು ಮಾಡಿದ್ದು ಅದರಿಂದಲೇ. ಹೊರದೇಶದ ಸೆಕೆಂಡ್ ಹ್ಯಾಂಡ್ ಕಾರು ಭಾರತಕ್ಕೆ ತರ್ಬೇಕಾದ್ರೆ ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯವಾದ ಡಿಜಿಎಫ್‌ಟಿಯ ಆಮದು ನೀತಿಯಲ್ಲಿ ಶರತ್ತುಗಳು ಉಂಟು. ಗಾಡಿ ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರ್ಬೇಕು. ಸ್ಪೀಡೊಮೀಟರ್ ಕಿಲೋಮೀಟರಲ್ಲಿ ಇರ್ಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯಲ್ಲಿ ಓಡಿಸುವ ರಸ್ತೆಗೆ ಸರಿಯಾಗಿ ಬೀಳ್ಬೇಕು. ಇಳಿಸುವುದು ಮುಂಬೈ ಬಂದರಲ್ಲಿ ಮಾತ್ರ, ನಮ್ಮ ಮಂಗಳೂರಿನ ಪಣಂಬೂರಲ್ಲಿ ಅಲ್ಲ. ಹಡಗು ಹತ್ತುವ ಮೊದಲು ಅಲ್ಲೊಂದು ತಪಾಸಣೆ ಸರ್ಟಿಫಿಕೇಟ್, ಇಲ್ಲಿ ಇಳಿದ ಮೇಲೆ ಪುಣೆಯ ಎಆರ್‌ಎಐನಂತ ಟೆಸ್ಟಿಂಗ್ ಸಂಸ್ಥೆಯಲ್ಲಿ ಮತ್ತೊಂದು. ಇದ್ರಲ್ಲಿ ಬಲಗಡೆ ಸ್ಟೇರಿಂಗ್ ಅನ್ನುವಲ್ಲಿಗೇ ನಮ್ಮ ಕಥೆ ಮುಗೀತು. ಯುಎಇ, ಸೌದಿ, ಕುವೈತ್, ಕತಾರ್, ಬಹ್ರೇನ್, ಒಮಾನ್, ಆರು ದೇಶದಲ್ಲೂ ಸ್ಟೇರಿಂಗ್ ಎಡಗಡೆಯೇ. ಸಿಂಗಾಪುರ, ಜಪಾನ್, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಈ ತಾಪತ್ರಯ ಇಲ್ಲ, ಆದ್ರೆ ಅವರಿಗೂ ಟ್ಯಾಕ್ಸ್ ಉಂಟಲ್ಲ.

ಟ್ಯಾಕ್ಸಿನ ಲೆಕ್ಕ ಹೀಗೆ. ಗಾಡಿ ಬೆಲೆ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಸೇರಿ 10 ಲಕ್ಷ ಅಂತ ಇಟ್ಕೊಳ್ಳಿ. ಹಳೇ ಕಾರಿಗೆ ಕಸ್ಟಮ್ಸ್ ಸುಂಕ ಒಟ್ಟು 137.5 ಪರ್ಸೆಂಟ್, ಅಲ್ಲಿಗೆ 23.75 ಲಕ್ಷ ಆಯ್ತು. ಅದರ ಮೇಲೆ ಆಮದಿಗೆ ಹಾಕುವ ಜಿಎಸ್‌ಟಿ (ಐಜಿಎಸ್‌ಟಿ), ದೊಡ್ಡ ಗಾಡಿಗೆ ಈಗ 40 ಪರ್ಸೆಂಟ್, ಒಟ್ಟು 33.25 ಲಕ್ಷ. ಆಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, 20 ಲಕ್ಷದ ಮೇಲಿನ ಗಾಡಿಗೆ 18 ಪರ್ಸೆಂಟ್, ಅದೊಂದು ಸುಮಾರು 6 ಲಕ್ಷ. 10 ಲಕ್ಷದ ಗಾಡಿ 40 ಲಕ್ಷದ ಹತ್ತಿರ ಬಂತು. 2025ರ ಬಜೆಟಲ್ಲಿ ಸುಂಕ 125ರಿಂದ 70ಕ್ಕೆ ಇಳೀತು ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎಲ್ಲ ಕುಣಿದದ್ದೇ ಕುಣಿದದ್ದು. ಇಳಿದದ್ದು ಹೌದು, ಆದ್ರೆ ಅದೇ ದಿನ ಕೃಷಿ ಮೂಲಸೌಕರ್ಯ ಸೆಸ್ ಅಂತ 67.5 ಪರ್ಸೆಂಟ್ ಸೇರಿಸಿದ್ರು, 125ರ ಮೇಲೆ ಮೊದಲಿದ್ದ ಸರ್‌ಚಾರ್ಜ್ ತೆಗೆದ್ರು, ಕೂಡಿಸಿ ನೋಡಿದ್ರೆ ಮೊದಲಿನ 137.5 ಹಾಗೇ ಉಂಟು. ಸರ್ಕಾರದವರ ಗಣಿತ ಚಂದ ಉಂಟು ಮಾರಾಯ್ರೆ.

ಮತ್ತೆ ಒಬ್ರು ಹೇಳಿದ್ರು, ನೀವು ಅದನ್ನು ಸೆಕೆಂಡ್ ಹ್ಯಾಂಡಲ್ಲಿ ಕಮ್ಮಿಗೆ ತಗೊಂಡ ಬಿಲ್ ತೋರಿಸಿ, ಸುಂಕವೂ ಕಮ್ಮಿ ಬರ್ತದೆ ಅಂತ. ಹಾಗೆ ನಡೆಯುವುದಿಲ್ಲ. ಕಸ್ಟಮ್ಸಿನವರು ಆ ಮಾಡೆಲ್ ಹೊಸತಿದ್ದಾಗ ಕಂಪೆನಿಯ ಬೆಲೆ ಎಷ್ಟಿತ್ತು ಅಂತ ಹಿಡಿದು ಅದರಿಂದ ಸವಕಳಿ ಕಳೀತಾರೆ, ಮೊದಲ ವರ್ಷ ಮೂರು ತಿಂಗಳಿಗೆ 4 ಪರ್ಸೆಂಟ್, ಎರಡನೇ ವರ್ಷ 3, ಮೂರನೇ ವರ್ಷ ಎರಡೂವರೆ, ಹೀಗೆ. ಇನ್ನೊಬ್ರು, ಖಾಯಂ ಊರಿಗೆ ಬರುವಾಗ ಟಿಆರಲ್ಲಿ, ಅಂದ್ರೆ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ರಿಯಾಯಿತಿಯಲ್ಲಿ, ಮನೆ ಸಾಮಾನಿನ ಜೊತೆ ಕಾರೂ ಬರ್ತದೆ ಅಂದ್ರು. ಫ್ರಿಜ್ಜು, ವಾಷಿಂಗ್ ಮೆಶಿನ್ ಬರ್ತದೆ, ಕಾರು ಬರುವುದಿಲ್ಲ. ಬ್ಯಾಗೇಜ್ ಅನ್ನುವುದರಲ್ಲಿ ಮೋಟಾರು ವಾಹನ ಸೇರುವುದಿಲ್ಲ ಅಂತ ಕಸ್ಟಮ್ಸ್ ಕಾಯ್ದೆಯಲ್ಲೇ ಬರ್ದಿದ್ದಾರೆ.

ಹಾಗಾಗಿ ಉಳಿದದ್ದು ಕಾರ್ನೆಟ್. ಕಾರ್ನೆಟ್ ಅಂದ್ರೆ ಗಾಡಿಯ ಪಾಸ್‌ಪೋರ್ಟ್ ಅಂತ ಎಲ್ಲ ಹೇಳ್ತಾರೆ, ನನ್ನ ಪ್ರಕಾರ ಅದಕ್ಕಿಂತ ಅದೊಂದು ಸಾಲದ ಪತ್ರ. ಈ ಗಾಡಿಯನ್ನು ಸುಂಕ ಕಟ್ಟದೆ ನಿಮ್ಮ ದೇಶಕ್ಕೆ ಬಿಡಿ, ಹೇಳಿದ ಸಮಯದ ಒಳಗೆ ವಾಪಸ್ ಹೋಗದಿದ್ರೆ ಸುಂಕ ನಾವು ಕೊಡ್ತೇವೆ ಅಂತ ಅಲ್ಲಿನ ಆಟೊಮೊಬೈಲ್ ಕ್ಲಬ್ ಇಲ್ಲಿನ ಕಸ್ಟಮ್ಸಿಗೆ ಬರ್ಕೊಡುವುದು. ಕ್ಲಬ್ಬಿನವರು ಸುಮ್ಮನೆ ಬರ್ಕೊಡ್ತಾರಾ, ನಮ್ಮಿಂದ ಡೆಪಾಸಿಟ್ ಇಲ್ಲ ಬ್ಯಾಂಕ್ ಗ್ಯಾರಂಟಿ ತಗೊಳ್ತಾರೆ. ಗಾಡಿ ಬೆಲೆ ಎಷ್ಟು, ಹೋಗುವ ದೇಶ ಯಾವುದು ಅಂತ ನೋಡಿ ಡೆಪಾಸಿಟ್ ನಿಗದಿ ಮಾಡುವುದು, ಭಾರತದಲ್ಲಿ ಸುಂಕ ಜಾಸ್ತಿ ಇರುವುದರಿಂದ ಡೆಪಾಸಿಟ್ಟೂ ಭಾರ. ಹಳೇ ಪಜೇರೊ ಆದ ಕಾರಣ ನನಗೆ ತಡ್ಕೊಳ್ಲಿಕ್ಕೆ ಆಯ್ತು. ಹೊಸ ಲ್ಯಾಂಡ್ ಕ್ರೂಸರ್ ಇಟ್ಕೊಂಡವರು ಅಷ್ಟು ದುಡ್ಡು ತಿಂಗಳುಗಟ್ಟಲೆ ಸುಮ್ಮನೆ ಕೂತ್ರೆ ಪರವಾಗಿಲ್ಲ ಅನ್ನುವವರಾಗಿರ್ಬೇಕು.

ಯಾರಿಗೆ ಆಗ್ತದೆ ಅಂದ್ರೆ, ಹೊರದೇಶದಲ್ಲಿ ವಾಸ ಇರುವವರಿಗೆ, ಗಾಡಿ ಅವರ ಹೆಸರಲ್ಲಿ ಇರುವವರಿಗೆ. ಕೆಲಸ ಬಿಟ್ಟು ಖಾಯಂ ಊರಿಗೆ ಬರುವವರಿಗೆ ಇದು ಅಲ್ಲ. ಕಾರ್ನೆಟ್ಟಿನ ವಾಯಿದೆ ಒಂದು ವರ್ಷ, ಆದ್ರೆ ಭಾರತದ ಒಳಗೆ ಗಾಡಿ ಇರ್ಬಹುದಾದದ್ದು ಆರು ತಿಂಗಳು. ಯುಎಇ ರೆಸಿಡೆನ್ಸ್ ವೀಸಾದವರು ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಉಳಿದ್ರೆ ವೀಸಾಕ್ಕೂ ಕುತ್ತು, ಗೋಲ್ಡನ್ ವೀಸಾದವರಿಗೆ ಆ ಚಿಂತೆ ಇಲ್ಲ ಬಿಡಿ. ಅಂದ್ರೆ ನನಗೂ ಆರು ತಿಂಗಳು, ಗಾಡಿಗೂ ಆರು ತಿಂಗಳು. ನನ್ನ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗ್ಲಿಕ್ಕೆ ನಡುವೆ ಗ್ಯಾಪ್ ಇತ್ತು, ಕಂಪೆನಿಯವರೂ ಮನೆಯಿಂದ ಕೆಲಸ ಮಾಡು ಅಂದ್ರು, ಹಾಗಾಗಿ ಹೊಂದಿಕೆ ಆಯ್ತು. ಇಪ್ಪತ್ತು ದಿನದ ರಜೆಗೆ ಯಾರೂ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಹೊರಡುವ ಮೊದಲು ಮಾಡ್ಲಿಕ್ಕಿರುವ ಕೆಲಸ ಸುಮಾರು ಉಂಟು. ಮುಲ್ಕಿಯಾ, ಅಂದ್ರೆ ಅಲ್ಲಿನ ಆರ್‌ಸಿ, ನಡುವಲ್ಲಿ ಎಕ್ಸ್‌ಪೈರ್ ಆಗಬಾರದು, ಯಾಕಂದ್ರೆ ಪಾಸಿಂಗಿಗೆ ಗಾಡಿ ಅಲ್ಲಿ ಇರ್ಬೇಕಲ್ಲ, ನಾನು ಮೊದಲೇ ರಿನ್ಯೂ ಮಾಡಿಸಿದೆ. ಗಾಡಿ ಮೇಲೆ ಲೋನ್ ಇದ್ರೆ ಬ್ಯಾಂಕಿನ ಎನ್‌ಒಸಿ ಬೇಕು. ಕಿಟಕಿಯ ಟಿಂಟ್ ತೆಗೆಸಿದೆ. ದುಬೈಯಲ್ಲಿ 50 ಪರ್ಸೆಂಟ್ ಟಿಂಟ್ ನಡೀತದೆ, ಇಲ್ಲಿ 2012ರ ಸುಪ್ರೀಂ ಕೋರ್ಟ್ ಆದೇಶ ಆದ ಮೇಲೆ ಕಪ್ಪು ಫಿಲಂ ಕಂಡ್ರೆ ಪೊಲೀಸರಿಗೆ ನಿಲ್ಲಿಸ್ಲಿಕ್ಕೆ ಒಂದು ನೆಪ, ಅರಬ್ಬಿ ನಂಬರ್ ಪ್ಲೇಟ್ ಒಂದೇ ಸಾಕು ಅವರಿಗೆ, ಎರಡೆರಡು ಯಾಕೆ. ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಒಂದು ಬೆಲ್ಟ್ ತಗೊಂಡು ಇಟ್ಕೊಂಡೆ. ಇಲ್ಲಿ ಪಜೇರೊ ಅಂತ ಓಡಿದ್ದು 2.8 ಡೀಸೆಲ್, ನನ್ನದು 3.5 ಪೆಟ್ರೋಲ್ ವಿ6, ಅದರ ಸಾಮಾನು ಉಡುಪಿಯಲ್ಲಿ ಹುಡುಕುವುದು ಬೇಡ ಅಂತ.

ಗಾಡಿ ಬರುವ ಸುದ್ದಿ ಗೊತ್ತಾದ ಕೂಡ್ಲೇ ಶುರುವಾಯ್ತು ನೋಡಿ ಪಿರಿಪಿರಿ. ಗಾಡಿ ಹೇಗೂ ಖಾಲಿ ಬರ್ತದಲ್ಲ, ಎರಡು ಬ್ಲ್ಯಾಂಕೆಟ್ ಹಾಕು. ಒಂದು ಟಿವಿ ಹಿಂದಿನ ಸೀಟಲ್ಲಿ ಮಲಗಿಸಿದ್ರೆ ಎಂತ ಆಗ್ತದೆ. ಹಾಲಿನ ಪುಡಿ, ಟ್ಯಾಂಗ್, ಸೆಂಟು. ಭಾವನಂತೂ ಅವರ ಮನೆಗೆ ಒಂದು ಇಡೀ ಸೆಟ್ ಅಡುಗೆ ಪಾತ್ರೆ ಲಿಸ್ಟ್ ಮಾಡಿ ಕಳಿಸಿದ್ರು. ಯಾರದ್ದೂ ಹಾಕಲಿಲ್ಲ. ಕಾರ್ನೆಟ್ ಗಾಡಿಗೆ ಮಾತ್ರ, ಒಳಗಿನ ಸಾಮಾನಿಗೆ ಅಲ್ಲ, ಒಂದು ಬ್ಲ್ಯಾಂಕೆಟಿಗೋಸ್ಕರ ಇಡೀ ಗಾಡಿ ಬಂದರಿನ ಕಂಟೇನರ್ ಗೋದಾಮಾದ ಸಿಎಫ್‌ಎಸ್ಸಲ್ಲಿ ಕೂತ್ರೆ ದಿನದ ಬಾಡಿಗೆ ಯಾರು ಕೊಡ್ತಾರೆ. ಭಾವ ಸ್ವಲ್ಪ ದಿನ ಮಾತಾಡ್ಲಿಲ್ಲ.

ಕಂಟೇನರಿಗೆ ಹತ್ತಿಸುವುದನ್ನು ನಾನು ನಿಂತು ನೋಡಿದೆ, ನೋಡ್ಲೇಬೇಕು. ಇಪ್ಪತ್ತು ಅಡಿ ಕಂಟೇನರಿನ ಒಳಗಲ ಎರಡು ಮೀಟರು ಮೂವತ್ತೈದು ಸೆಂಟಿಮೀಟರು, ಪಜೇರೊ ಒಂದು ಮೀಟರು ಎಂಬತ್ತೇಳು. ಎರಡೂ ಬದಿ ಒಂದೊಂದು ಗೇಣು ಜಾಗ. ಓಡಿಸುವವ ಒಬ್ಬ ಸಪೂರ ಪಠಾಣ, ಕನ್ನಡಿ ಎರಡೂ ಮಡಚಿ, ಕಿಟಕಿ ಪೂರಾ ಇಳಿಸಿ, ಕ್ಲಚ್ ಇಲ್ಲದ ಗಾಡಿಯನ್ನು ಬ್ರೇಕಿನ ಮೇಲೆಯೇ ಇಂಚಿಂಚು ಒಳಗೆ ಬಿಟ್ಟ. ಬಾಗಿಲು ತೆರೀಲಿಕ್ಕೆ ಎಲ್ಲಿ ಜಾಗ, ಇಂಜಿನ್ ಬಂದ್ ಮಾಡಿ ಸೀಟು ಹತ್ತಿ ಹಿಂದಿನ ಡಿಕ್ಕಿ ಬಾಗಿಲಿಂದ ಹೊರಗೆ ಬಂದ, ಬರುವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ದ, ಸೀಟಿಗೆ ಮಣ್ಣಾಗಬಾರದು ಅಂತ. ಆಮೇಲೆ ನಾಲ್ಕೂ ಚಕ್ರಕ್ಕೆ ಮರದ ತುಂಡು ಮೊಳೆ ಹೊಡೆದು ನಿಲ್ಲಿಸಿ, ಬೆಲ್ಟಲ್ಲಿ ಬಿಗಿದು, ಬ್ಯಾಟರಿಯ ವಯರ್ ತಪ್ಪಿಸಿದ್ರು. ಪೆಟ್ರೋಲ್ ತಳ ಮಟ್ಟದಲ್ಲೇ ಇರ್ಬೇಕು, ತುಂಬಿದ ಟ್ಯಾಂಕ್ ಹಡಗಿನವರು ತಗೊಳ್ಳುವುದಿಲ್ಲ. ಗಾಡಿಯ ಎಲ್ಲ ಮಗ್ಗುಲಿನ ಫೋಟೊ, ಮೀಟರಿನ ಫೋಟೊ, ಚಾಸಿಸ್ ನಂಬರಿನ ಫೋಟೊ, ಸೀಲ್ ಹಾಕಿದ ಮೇಲೆ ಸೀಲಿನ ಫೋಟೊ ತಗೊಂಡೆ.

ಬಂದರು ಯಾವುದು ಅನ್ನುವುದು ಸ್ವಲ್ಪ ಆಲೋಚನೆ ಮಾಡುವ ವಿಷಯ. ಪಣಂಬೂರಿಗೆ ನೇರ ಇಳಿಸಿದ್ರೆ ಮನೆಗೆ ಮುಕ್ಕಾಲು ಗಂಟೆ ದಾರಿ, ಆಸೆ ಇತ್ತು. ಆದ್ರೆ ಕಾರ್ನೆಟ್ ಗಾಡಿ ದಿನಾ ನೋಡುವ ಜನ ಇರುವ ಕಡೆಗೆ ಹೋಗು ಅಂತ ಎಲ್ಲ ಹೇಳಿದ್ರು, ಮಲಯಾಳಿಗಳು ವರ್ಷಗಟ್ಟಲೆಯಿಂದ ಕೊಚ್ಚಿಗೆ ತರ್ತಾ ಇದ್ದಾರೆ, ಅಲ್ಲಿನ ಏಜೆಂಟರಿಗೆ ಕಾಗದ ಬಾಯಿಪಾಠ. ಹಾಗಾಗಿ ಜೆಬೆಲ್ ಅಲಿಯಿಂದ ಕೊಚ್ಚಿ ವಲ್ಲಾರ್ಪಾಡಂ. ಹಡಗಿನ ದಾರಿ ದೊಡ್ಡದಲ್ಲ, ದೊಡ್ಡದು ಅದರ ಹಿಂದೆ ಮುಂದೆ ಕಾಯುವುದು.

ಕೊಚ್ಚಿಯಲ್ಲಿ ಕಸ್ಟಮ್ಸ್ ತಪಾಸಣೆ ನಾನು ಹೆದರಿದಷ್ಟು ಕಷ್ಟ ಇರ್ಲಿಲ್ಲ, ಆದ್ರೆ ಅವರು ನೋಡುವ ಕ್ರಮ ಗೊತ್ತಿರ್ಬೇಕು. ಕಾರ್ನೆಟ್ಟಿನಲ್ಲಿ ಗಾಡಿಯ ಜಾತಕವೇ ಉಂಟು, ಚಾಸಿಸ್ ನಂಬರ್, ಇಂಜಿನ್ ನಂಬರ್, ಬಣ್ಣ, ಸೀಟಿನ ಬಟ್ಟೆ ಎಂತದ್ದು, ಎಷ್ಟು ಸೀಟು, ರೇಡಿಯೊ ಉಂಟಾ, ಸ್ಪೇರ್ ಟಯರ್ ಎಷ್ಟು, ಎಲ್ಲ. ಆಫೀಸರ್ ಮೊಬೈಲ್ ಟಾರ್ಚ್ ಹಿಡಿದು ಚಾಸಿಸ್ ನಂಬರಿನ ಒಂದೊಂದು ಅಕ್ಷರ ಓದಿದ್ರು, ಅವರ ಜೊತೆಗಿದ್ದವ ಪುಸ್ತಕ ನೋಡಿ ಹೂಂ ಹೂಂ ಅಂತಿದ್ದ. ಹಿಂದೆ ಹೋಗಿ ಸ್ಪೇರ್ ಟಯರ್ ಮುಟ್ಟಿ ನೋಡಿದ್ರು. ಆಮೇಲೆ ಆರು ತಿಂಗಳ ಒಳಗೆ ವಾಪಸ್ ತಗೊಂಡು ಹೋಗ್ತೇನೆ, ಮಾರುವುದಿಲ್ಲ, ಬಾಡಿಗೆಗೆ ಬಿಡುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ ಅಂತ ಮುಚ್ಚಳಿಕೆ. ಕಾರ್ನೆಟ್ಟಿನ ಪ್ರತಿ ಹಾಳೆಯಲ್ಲಿ ಮೂರು ಭಾಗ ಇರ್ತದೆ, ಒಂದು ಒಳಗೆ ಬರುವಾಗ ಹರಿದು ತಗೊಳ್ಲಿಕ್ಕೆ, ಒಂದು ಹೊರಗೆ ಹೋಗುವಾಗ, ಇನ್ನೊಂದು ನಮ್ಮ ಹತ್ರ ಉಳಿಯುವ ಅಡಿಚೀಟಿ. ಆ ಅಡಿಚೀಟಿಯಲ್ಲಿ ಎರಡು ಸೀಲ್ ಬೀಳ್ಬೇಕು, ಬಂದದ್ದಕ್ಕೊಂದು ಹೋದದ್ದಕ್ಕೊಂದು. ಹೋದ ಸೀಲ್ ಇಲ್ಲದಿದ್ರೆ ಗಾಡಿ ದುಬೈಯಲ್ಲೇ ನಿಂತಿದ್ರೂ ಕಾಗದದ ಪ್ರಕಾರ ಅದು ಭಾರತದಲ್ಲೇ ಉಂಟು, ಸುಂಕದ ನೋಟೀಸ್ ಕ್ಲಬ್ಬಿಗೆ, ಕ್ಲಬ್ಬಿನಿಂದ ನಮ್ಮ ಡೆಪಾಸಿಟ್ಟಿಗೆ. ಅದಕ್ಕೆ ನಾನು ಗಾಡಿಯನ್ನು ರೋಡಲ್ಲಿ ಬಿಟ್ಟು ಹೋದ್ರೂ ಆ ಪುಸ್ತಕ ಬಿಟ್ಟು ಹೋಗ್ತಾ ಇರ್ಲಿಲ್ಲ, ಮನೆಯಲ್ಲಿ ಅದನ್ನು ಇಟ್ಟದ್ದು ಅಮ್ಮನ ಚಿನ್ನ ಇಡುವ ಕಪಾಟಲ್ಲಿ.

ಬಂದರು ಬಿಡುವ ಮೊದಲೇ ಇಲ್ಲಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸ್ಬೇಕು, ಅಲ್ಲಿನ ಪಾಲಿಸಿ ಇಲ್ಲಿ ನಡೆಯುವುದಿಲ್ಲ. ಏಜೆಂಟರೇ ಮಾಡಿಸಿ ಕೊಟ್ರು. 2022ರಲ್ಲಿ ಕೇಂದ್ರ ಸಾರಿಗೆ ಇಲಾಖೆ ಹೊರದೇಶದ ಖಾಸಗಿ ವಾಹನಗಳಿಗೆ ಅಂತಲೇ ಒಂದು ನಿಯಮ ಮಾಡಿದೆ, ಅದರ ಪ್ರಕಾರ ಆರ್‌ಸಿ, ಲೈಸೆನ್ಸ್, ಇಲ್ಲಿ ನಡೆಯುವ ಇನ್ಶೂರೆನ್ಸ್, ಹೊಗೆ ತಪಾಸಣೆ ಕಾಗದ ಗಾಡಿಯಲ್ಲಿ ಇರ್ಬೇಕು, ಇಂಗ್ಲಿಷಲ್ಲಿ ಇಲ್ಲದಿದ್ರೆ ಅಧಿಕೃತ ಅನುವಾದ ಬೇಕು. ಮುಲ್ಕಿಯಾದಲ್ಲಿ ಅರಬ್ಬಿ ಇಂಗ್ಲಿಷ್ ಎರಡೂ ಇರುವುದರಿಂದ ರಗಳೆ ಇಲ್ಲ. ಅದೇ ನಿಯಮದಲ್ಲಿ ಇನ್ನೊಂದು ಸಾಲು ಉಂಟು, ಈ ಗಾಡಿಯಲ್ಲಿ ಸ್ಥಳೀಯ ಪ್ರಯಾಣಿಕರನ್ನು, ಸಾಮಾನನ್ನು ಸಾಗಿಸ್ಬಾರದು ಅಂತ. ಬಾಡಿಗೆ ಓಡಿಸ್ಬಾರದು ಅನ್ನುವ ಅರ್ಥದಲ್ಲಿ ಅಂತ ಏಜೆಂಟರು ಹೇಳಿದ್ರು. ಅಮ್ಮನನ್ನು ಉಡುಪಿ ಮಠಕ್ಕೆ ಕರ್ಕೊಂಡು ಹೋಗುವಾಗೆಲ್ಲ ತಮ್ಮ ತಮಾಷೆ ಮಾಡ್ತಿದ್ದ, ಅಮ್ಮ ಸ್ಥಳೀಯ ಪ್ರಯಾಣಿಕರಾ ಅಲ್ವಾ ಅಂತ. ತಮ್ಮನಿಗೆ ಸಿಟ್ಟಿತ್ತು ಪಾಪ, ಯಾಕಂದ್ರೆ ಅವನ ಕೈಗೆ ಒಮ್ಮೆಯೂ ಕೀ ಕೊಡ್ಲಿಲ್ಲ. ಕಾರ್ನೆಟ್ ನನ್ನ ಹೆಸರಲ್ಲಿ, ಅವ ಊರಲ್ಲೇ ವಾಸ ಇರುವವ, ಏನಾದ್ರೂ ಆದ್ರೆ ಉತ್ತರ ಕೊಡ್ಲಿಕ್ಕೆ ದಾರಿಯೇ ಇಲ್ಲ.

ಕೊಚ್ಚಿಯಿಂದ ಕಟಪಾಡಿಗೆ ಎನ್ಎಚ್ 66. ಆ ವರ್ಷ ಕೇರಳದಲ್ಲಿ ಉದ್ದಕ್ಕೂ ರೋಡ್ ಅಗೆದು ಹಾಕಿದ್ರು, ಎಲ್ಲಿ ಸರ್ವಿಸ್ ರೋಡು ಎಲ್ಲಿ ಮೈನ್ ರೋಡು ಗೊತ್ತಾಗುವುದಿಲ್ಲ, ಎಡಗಡೆ ಸ್ಟೇರಿಂಗಿನ ಮೊದಲ ಪರೀಕ್ಷೆ ಅಲ್ಲೇ ಆಯ್ತು. ತಲಶ್ಶೇರಿ-ಮಾಹೆ ಬೈಪಾಸ್ ಮಾತ್ರ ಬೆಣ್ಣೆ, ಆದ್ರೆ ಬೈಪಾಸ್ ಹಿಡಿದ್ರೆ ಮಾಹೆ ಪೇಟೆಯ ಅಗ್ಗದ ಪೆಟ್ರೋಲ್ ತಪ್ಪಿತು. ಪಾಂಡಿಚೇರಿಯ ಟ್ಯಾಕ್ಸ್ ಅಲ್ಲಿ, ಲೀಟರಿಗೆ ಒಳ್ಳೇ ವ್ಯತ್ಯಾಸ ಉಂಟು, ವಿ6 ಇಟ್ಕೊಂಡವರಿಗೆ ಅದು ಸಣ್ಣ ಮಾತಲ್ಲ. ತಲಪಾಡಿ ದಾಟಿ ತೊಕ್ಕೊಟ್ಟು, ನೇತ್ರಾವತಿ ಸಂಕ, ಪಂಪ್‌ವೆಲ್ ಬಂದಾಗ ರಾತ್ರಿ ಆಗಿತ್ತು. ನಂತೂರಲ್ಲಿ ಟ್ರಾಫಿಕಲ್ಲಿ ನಿಂತಾಗ ಪಕ್ಕದ ಆಟೋದವ ಬಗ್ಗಿ ಬಗ್ಗಿ ನಂಬರ್ ನೋಡಿ, ಅಣ್ಣಾ ದುಬೈಯಿಂದ ರೋಡಲ್ಲೇ ಬಂದ್ರಾ ಅಂತ ಕೇಳಿದ.

ಎಡಗಡೆ ಸ್ಟೇರಿಂಗ್ ಇಲ್ಲಿ ಓಡಿಸುವುದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಕಾನೂನಲ್ಲಿ ಓಡಿಸ್ಲಿಕ್ಕೆ ಅಡ್ಡಿ ಇಲ್ಲ, ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನಿನಲ್ಲಿ ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಇರ್ಬೇಕು ಅಂತ ಮಾತ್ರ ಉಂಟು. ಉಡುಪಿ-ಮಂಗಳೂರು ಹೈವೇಯಲ್ಲಿ ನಾಲ್ಕು ಲೇನ್, ಮಧ್ಯ ಡಿವೈಡರ್, ಕಷ್ಟ ಇಲ್ಲ. ಕಷ್ಟ ಇರುವುದು ಒಳ ರೋಡಲ್ಲಿ. ಕಟಪಾಡಿ-ಶಿರ್ವ ರೋಡಲ್ಲಿ ಮುಂದೆ ಒಂದು ಸರ್ವಿಸ್ ಬಸ್ ಸಿಕ್ತು ಅಂತ ಇಟ್ಕೊಳ್ಳಿ. ನಾವು ಕೂತದ್ದು ರೋಡಿನ ಎಡ ಅಂಚಿನ ಬದಿ, ಎದುರಿಂದ ಎಂತ ಬರ್ತದೆ ಅಂತ ಕಾಣ್ಬೇಕಾದ್ರೆ ಇಡೀ ಗಾಡಿಯನ್ನು ಬಲಕ್ಕೆ ಹೊರಗೆ ತೆಗೀಬೇಕು, ಅಷ್ಟರಲ್ಲಿ ಎದುರಿಂದ ಟಿಪ್ಪರ್ ಬಂತೂ ಅಂದ್ರೆ ಕಥೆ ಮುಗೀತು. ಅದಕ್ಕೆ ಬಲಗಡೆ ಸೀಟಲ್ಲಿ ಕೂತವರೇ ಕಣ್ಣು. ಹೆಂಡತಿ ಕೂತ್ಕೊಂಡು, ಬನ್ನಿ, ಬನ್ನಿ, ಬೇಡ ಬೇಡ ಬೇಡ, ಲಾರಿ, ಹಾಂ ಈಗ ಬನ್ನಿ, ಅಂತ ಹೇಳ್ತಾ ಹೋಗುವುದು, ಬಸ್ಸಿನ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನೇತಾಡ್ತಾ ಇದನ್ನೆಲ್ಲ ನೋಡಿ ನಗುವುದು. ಮೊದಲ ವಾರ ಕಳೆದ ಮೇಲೆ ನಾನು ಬಸ್ಸಿನ ಹಿಂದೆಯೇ ಹೋಗುವ ಅಭ್ಯಾಸ ಮಾಡ್ಕೊಂಡೆ, ಸ್ಟಾಪಲ್ಲಿ ಅದು ನಿಂತಾಗ ಮುಂದೆ ಹೋದ್ರಾಯ್ತು. ಒಂದು ಲಾಭ ಉಂಟು, ಎದುರು ಗಾಡಿಗೆ ದಾರಿ ಬಿಡ್ಲಿಕ್ಕೆ ಎಡಕ್ಕೆ ಇಳಿಸುವಾಗ ಚರಂಡಿ ಎಷ್ಟು ದೂರ ಉಂಟು ಅಂತ ಸರಿಯಾಗಿ ಕಾಣ್ತದೆ. ಆಗುಂಬೆ ಘಾಟಿಯ ತಿರುವಲ್ಲಿ ಅದು ಉಪಕಾರಕ್ಕೆ ಬಂತು.

ಬಲಗಡೆ ಸೀಟಿನದ್ದೇ ಇನ್ನೊಂದು ಗಮ್ಮತ್ತು. ಅಮ್ಮನಿಗೆ ಗಾಡಿಯಲ್ಲಿ ಕೂತ್ರೆ ನಿದ್ದೆ. ಕಾಪು ಹತ್ರ ಒಮ್ಮೆ ಅಮ್ಮ ಬಲಗಡೆ ಕೂತು ಕುತ್ತಿಗೆ ವಾಲಿಸಿ ಒಳ್ಳೇ ನಿದ್ದೆಯಲ್ಲಿ ಇದ್ರು, ಪಕ್ಕ ಬಂದ ಸ್ಕೂಟಿಯವ ಒಮ್ಮೆ ನೋಡಿದ, ಎರಡನೇ ಸಲ ನೋಡಿದವನೇ ಹಾರ್ನ್ ಒತ್ತಿ ಒತ್ತಿ, ಅಜ್ಜೀ ಅಜ್ಜೀ ಅಂತ ಬೊಬ್ಬೆ ಹೊಡೆದ. ಅವನ ಲೆಕ್ಕಕ್ಕೆ ಡ್ರೈವರ್ ನಿದ್ದೆ ಹೋಗಿದ್ದಾರೆ. ಅಮ್ಮ ಎಚ್ಚರಾಗಿ ಅವನಿಗೆ ಕೈ ಮುಗಿದ್ರು, ಯಾರೋ ಪರಿಚಯದವರು ಅಂತ.

ಟೋಲಿನ ವಿಷಯ ಬೇರೆಯೇ. ಫಾಸ್ಟ್ಯಾಗ್ ಮಾಡಿಸುವ ಅಂತ ಹೋದ್ರೆ ನಮ್ಮ ನಂಬರ್ ಅವರ ಸಿಸ್ಟಮಲ್ಲಿ ಹತ್ತುವುದೇ ಇಲ್ಲ, ಇಲ್ಲಿನ ಆರ್‌ಸಿ ಬೇಕು ಅಂತದೆ. ಆಗ ಫಾಸ್ಟ್ಯಾಗ್ ಇಲ್ಲದಿದ್ರೆ ಕ್ಯಾಶಲ್ಲಿ ಡಬ್ಬಲ್ ಕೊಡ್ಬೇಕಿತ್ತು. ಕಟಪಾಡಿಯಿಂದ ಮಂಗಳೂರಿಗೆ ಹೋಗುವಾಗ ಹೆಜಮಾಡಿ ಟೋಲ್ ತಪ್ಪುವುದಿಲ್ಲ, ಕುಂದಾಪುರಕ್ಕೆ ಹೋದ್ರೆ ಸಾಸ್ತಾನ. ಸುರತ್ಕಲ್ ಟೋಲ್ 2022ರ ಕೊನೆಗೆ ಎತ್ತಿದ್ರು, ಪುಣ್ಯ. 2025ರ ನವೆಂಬರಲ್ಲಿ ಯುಪಿಐಯಲ್ಲಿ ಕೊಟ್ರೆ ಒಂದೂಕಾಲು ಪಟ್ಟು ಅಂತ ಮಾಡಿದ್ರು, ನಾನು ಹೋಗುವಾಗ ಅದೂ ಇರ್ಲಿಲ್ಲ. ಟೋಲಿನ ಗೂಡು ಬಲಗಡೆ, ನಾನು ಎಡಗಡೆ, ಹಾಗಾಗಿ ದುಡ್ಡು ಕೊಡುವ, ಚಿಲ್ಲರೆಗೆ ಜಗಳ ಮಾಡುವ ಖಾತೆ ಪೂರಾ ಹೆಂಡತಿಯದ್ದು. ಒಬ್ಬನೇ ಹೋದ ದಿನ ಬೆಲ್ಟ್ ಬಿಚ್ಚಿ, ಗಿಯರ್ ದಾಟಿ ಆಚೆ ಸೀಟಿಗೆ ಮೈ ಚಾಚಿ ಕೊಡುವಷ್ಟರಲ್ಲಿ ಹಿಂದೆ ಹಾರ್ನಿನ ಸಂತೆ. ಮಾಲಿನ ಪಾರ್ಕಿಂಗ್ ಟಿಕೆಟಿಗೂ ಇದೇ ಗತಿ.

ಪೊಲೀಸರು ನಿಲ್ಲಿಸ್ತಾರೆ, ನಿಲ್ಲಿಸ್ಲೇಬೇಕು, ಅರಬ್ಬಿ ನಂಬರ್ ನೋಡಿ ಬಿಟ್ರೆ ಅವರು ಪೊಲೀಸರೇ ಅಲ್ಲ. ಮೊದಲು ಕೇಳುವುದು, ಇದಕ್ಕೆ ಕರ್ನಾಟಕ ಟ್ಯಾಕ್ಸ್ ಕಟ್ಟಿದ್ದೀರಾ ಅಂತ. ನಾನು ಒಂದು ಫೈಲ್ ಮಾಡಿ ಇಟ್ಕೊಂಡಿದ್ದೆ, ಕಾರ್ನೆಟ್ಟಿನ ಸೀಲ್ ಬಿದ್ದ ಪುಟದ ಕಲರ್ ಕಾಪಿ, ಕಸ್ಟಮ್ಸ್ ಕಾಗದ, ಇನ್ಶೂರೆನ್ಸ್, 2022ರ ಆ ನಿಯಮದ ಪ್ರಿಂಟ್, ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಇಂಥ ದಿನದ ಒಳಗೆ ವಾಪಸ್ ಹೋಗ್ಬೇಕಾದ ಗಾಡಿ ಅಂತ ಬರ್ದ ಹಾಳೆ. ಕಾನೂನು ಮಾತಾಡುವುದಕ್ಕಿಂತ ಆ ಕನ್ನಡದ ಹಾಳೆ ಜಾಸ್ತಿ ಕೆಲಸ ಮಾಡಿತು. ಹೆಚ್ಚಿನವರು ಓದಿ, ಒಂದು ಸೆಲ್ಫಿ ತಗೊಳ್ಬಹುದಾ ಅಂತ ಕೇಳಿ ಬಿಟ್ರು.

ಪೆಟ್ರೋಲ್ ಬಗ್ಗೆ ಎರಡು ಮಾತು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಇ20, ಅಂದ್ರೆ ಇಪ್ಪತ್ತು ಪರ್ಸೆಂಟ್ ಎಥನಾಲ್. ಹಳೇ ಗಲ್ಫ್ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ, ಅದರ ಹೋಸು, ಸೀಲಿಗೆ ಒಗ್ಗದೆ ಹೋಗ್ಬಹುದು. ನನ್ನದಕ್ಕೆ ಆರು ತಿಂಗಳ ಒಳಗೆ ಕಣ್ಣಿಗೆ ಕಾಣುವ ತೊಂದರೆ ಏನೂ ಆಗ್ಲಿಲ್ಲ, ಮೈಲೇಜ್ ಮಾತ್ರ ಮೊದಲೇ ಇರ್ಲಿಲ್ಲ, ಇಲ್ಲಿ ಇನ್ನೂ ಇಲ್ಲ. ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ ಸುಮಾರು ಹೊತ್ತು ನೋಡಿ, ಎಲ್ಲ ಸರಿ ಉಂಟು, ಡೀಸೆಲ್ ಆಗಿದ್ರೆ ನಾನೇ ಇಟ್ಕೊಳ್ತಿದ್ದೆ ಅಂದ್ರು.

ವಾಪಸ್ ಕಳಿಸುವ ತಯಾರಿ ತರುವ ದಿನದಿಂದಲೇ ಮಾಡ್ಬೇಕು. ನಾನು ಕೊನೆ ದಿನದ ತನಕ ಕಾಯ್ಲಿಲ್ಲ, ಹಡಗು ತಡ ಆಗ್ತದೆ, ಕಂಟೇನರ್ ಸಿಗುವುದಿಲ್ಲ, ರಜೆ ಬರ್ತದೆ, ಆರು ತಿಂಗಳು ಅನ್ನುವುದು ಐದೇ ಅಂತ ಇಟ್ಕೊಂಡೆ. ನಡುವೆ ಗಾಡಿ ಎಲ್ಲಾದ್ರೂ ಗುದ್ದಿ ಗುಜರಿ ಆದ್ರೂ ಗುಜರಿಯವರಿಗೆ ಕೊಡುವ ಹಾಗಿಲ್ಲ, ಕಸ್ಟಮ್ಸಿಗೆ ತಿಳಿಸಿ ಅವರು ಹೇಳಿದ ಹಾಗೆ ಮಾಡ್ಬೇಕು. ಹೋಗುವಾಗ ಕೊಚ್ಚಿಯಲ್ಲಿ ಮತ್ತೆ ಅದೇ ಚಾಸಿಸ್ ನಂಬರ್, ಅದೇ ಸ್ಪೇರ್ ಟಯರ್, ಹೊರಗೆ ಹೋದ ಸೀಲ್. ಸೀಲ್ ಬಿದ್ದ ತಾರೀಕು ಸರಿಯಾಗಿ ಓದ್ಲಿಕ್ಕೆ ಆಗ್ತದಾ ಅಂತ ಅಲ್ಲೇ ನೋಡಿ, ಮಸುಕಾಗಿದ್ರೆ ಇನ್ನೊಮ್ಮೆ ಹಾಕಿಸ್ಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ದುಬೈ ಮುಟ್ಟಿದ ಮೇಲೆ ಅಲ್ಲಿನ ಕಸ್ಟಮ್ಸ್ ಸೀಲೂ ಹಾಕಿಸಿ ಪುಸ್ತಕ ಕ್ಲಬ್ಬಿಗೆ ಕೊಟ್ರೆ ಅವರು ಪರಿಶೀಲಿಸಿ ಡೆಪಾಸಿಟ್ ಬಿಡ್ತಾರೆ. ನನ್ನದು ಪೂರಾ ಬಂತು.

ಖರ್ಚು ಎಷ್ಟಾಯ್ತು ಅಂತ ಕೇಳುವವರಿಗೆ, ಹಡಗಿನ ಬಾಡಿಗೆ ಒಂದನ್ನೇ ನೋಡಿ ಲೆಕ್ಕ ಹಾಕ್ಬೇಡಿ. ಅದು ಕಮ್ಮಿಯೇ. ಅದರ ಹಿಂದೆ ಟರ್ಮಿನಲ್ ಚಾರ್ಜ್, ಡೆಲಿವರಿ ಆರ್ಡರ್, ಸಿಎಫ್‌ಎಸ್, ಕಂಟೇನರಿಂದ ಇಳಿಸುವ ಕೂಲಿ, ಖಾಲಿ ಕಂಟೇನರ್ ವಾಪಸ್ ಮುಟ್ಟಿಸುವುದು, ಏಜೆಂಟರ ಫೀಸು, ಎಲ್ಲ ಎರಡೂ ದಿಕ್ಕಿಗೆ ಎರಡೂ ಬಂದರಲ್ಲಿ. ಮೊದಲು ಕೊಟ್ಟ ಕೊಟೇಶನಲ್ಲಿ ಇಲ್ಲದ ಐಟಂಗಳು ಬಿಲ್ಲಲ್ಲಿ ಹುಟ್ಕೊಳ್ತವೆ, ಒಂದು ಕಡೆ ಡಾಕ್ಯುಮೆಂಟೇಶನ್ ಅಂತ ಎರಡು ಬೇರೆ ಬೇರೆ ಹೆಸರಲ್ಲಿ ಹಾಕಿದ್ರು, ಕೇಳಿದ ಮೇಲೆ ಒಂದು ತೆಗೆದ್ರು. ಪ್ರತಿ ಚಾರ್ಜೂ ಬರವಣಿಗೆಯಲ್ಲಿ ತಗೊಳ್ಳಿ, ಬಾಡಿಗೆ ಇಲ್ಲದ ಫ್ರೀ ದಿನ ಎಷ್ಟು ಅಂತ ಕೇಳಿ. ಒಟ್ಟು ಖರ್ಚಲ್ಲಿ ಆರು ತಿಂಗಳು ಇಲ್ಲೇ ಒಂದು ಇನ್ನೋವಾ ಬಾಡಿಗೆಗೆ ಇಟ್ಕೊಳ್ಬಹುದಿತ್ತು, ಅದೂ ಫಾಸ್ಟ್ಯಾಗ್ ಇರುವಂಥದ್ದು. ಲಾಭಕ್ಕೆ ಮಾಡುವ ಕೆಲಸ ಇದಲ್ಲ, ನನಗೆ ಆ ಗಾಡಿ ಊರಿನ ಅಂಗಳದಲ್ಲಿ ನಿಲ್ಲಿಸ್ಬೇಕು ಅನ್ನುವ ಮರ್ಲು ಇತ್ತು, ನಿಲ್ಲಿಸಿದೆ.

ಇಲ್ಲೇ ಬಿಟ್ಟು ಹೋಗು, ಪಾರ್ಟ್ ಪಾರ್ಟ್ ಮಾಡಿಯೋ, ಬೇರೆ ರಾಜ್ಯದ ನಂಬರ್ ಹಾಕಿಸಿಯೋ ಹೇಗಾದ್ರೂ ಮಾಡ್ಬಹುದು ಅಂತ ಹೇಳುವ ಜಾಣರು ನನಗೂ ಸಿಕ್ಕಿದ್ರು. ನನ್ನ ಗಾಡಿ ವಾಪಸ್ ಹೋಗಿ ಕೆಲವು ತಿಂಗಳಿಗೆ, 2025ರ ಸೆಪ್ಟೆಂಬರಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು ಆಪರೇಶನ್ ನುಮ್ಖೋರ್ ಅಂತ ಮಾಡಿ ಭೂತಾನ್ ದಾರಿಯಾಗಿ ಬಂದು ಇಲ್ಲಿ ರಿಜಿಸ್ಟರ್ ಆದ ಗಾಡಿಗಳನ್ನು ಮನೆ ಮನೆಗೆ ಹೋಗಿ ಹಿಡಿದ್ರು, ಸಿನೆಮಾದವರ ಮನೆಯನ್ನೂ ಬಿಡ್ಲಿಲ್ಲ. ಸೆಕೆಂಡ್ ಹ್ಯಾಂಡಲ್ಲಿ ದುಡ್ಡು ಕೊಟ್ಟು ತಗೊಂಡವರಿಗೂ ಕಾಗದ ತೋರಿಸುವ ಕೆಲಸ ಬಂತು. ಊರಲ್ಲಿ ಯಾರಾದ್ರೂ ಹೊರದೇಶದ ಗಾಡಿ ಅಗ್ಗಕ್ಕೆ ಉಂಟು ಅಂದ್ರೆ ಬಿಲ್ ಆಫ್ ಎಂಟ್ರಿ, ಅಂದ್ರೆ ಆಮದಿನ ಕಸ್ಟಮ್ಸ್ ಕಾಗದ ಕೇಳಿ, ಅದರಲ್ಲಿ ಇರುವ ಚಾಸಿಸ್ ನಂಬರ್ ಗಾಡಿಯಲ್ಲಿ ಉಂಟಾ ನೋಡಿ. ಕೊಡದಿದ್ರೆ ಚಾ ಕುಡಿದು ಬನ್ನಿ.

ಪಜೇರೊ ಈಗ ಶಾರ್ಜಾದಲ್ಲಿ ಉಂಟು. ಇನ್ನೊಮ್ಮೆ ಗ್ಯಾಪ್ ಸಿಕ್ಕಿದ್ರೆ ಮುಂಬೈಗೆ ಇಳಿಸಿ ಕೊಂಕಣ ದಾರಿಯಾಗಿ ಕಾರವಾರ, ಕುಂದಾಪುರ ಅಂತ ಬರುವ ಆಲೋಚನೆ ಉಂಟು, ಟೋಲಿಗೆ ದುಡ್ಡು ಕೊಡ್ಲಿಕ್ಕೆ ಬೇರೆ ಜನ ನೋಡಿ ಅಂತ ಹೆಂಡತಿ ಹೇಳಿಯಾಗಿದೆ.